ಒಂದೇ ಖೋಲಿಯ ಮನೆ ಮಕ್ಕಳ ಓದಿಗೂ ಆರೋಗ್ಯಕ್ಕೂ ಅಡ್ಡಿಯಾಗುತ್ತದೆಯೇ?

ಪ್ರಶ್ನೆ: ನಮ್ಮದು ಮುಂಬೈಯ ಚಾಳೊಂದರಲ್ಲಿ ಒಂದೇ ಖೋಲಿಯ ಮನೆ. ನಾವಿಬ್ಬರು, ಇಬ್ಬರು ಮಕ್ಕಳು ಮತ್ತು ಅತ್ತೆಯವರು ಅದರಲ್ಲೇ ಇದ್ದೇವೆ. ಆರನೇ ತರಗತಿಯಲ್ಲಿರುವ ಮಗ ಈಚೆಗೆ ಓದಿನಲ್ಲಿ ಹಿಂದೆ ಬೀಳುತ್ತಿದ್ದಾನೆ. ಮಳೆಗಾಲ ಬಂತೆಂದರೆ ರಾತ್ರಿಯೆಲ್ಲ ಕೆಮ್ಮುತ್ತಾನೆ. ಊರಿನಿಂದ ಬಂದವರು ‘ಇಷ್ಟು ಚಿಕ್ಕ ಮನೆಯಲ್ಲಿ ಮಕ್ಕಳು ಹೇಗೆ ಓದಬೇಕು?’ ಎನ್ನುತ್ತಾರೆ. ಮನೆಯೇ ಇದಕ್ಕೆಲ್ಲ ಕಾರಣವೇ? ಅವನನ್ನು ಟ್ಯೂಷನ್‌ಗೆ ಹಾಕಬೇಕೇ, ಅಥವಾ ಊರಿಗೆ ಅಜ್ಜಿಯ ಮನೆಗೆ ಕಳಿಸಬೇಕೇ?

ಉತ್ತರ: ಮುಂಬೈ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಬೇರೆ ಬೇರೆ ಮಾತುಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಮನೆ ಚಿಕ್ಕದಾಗಿರುವುದು ಮಗುವಿನ ಆರೋಗ್ಯದ ಮೇಲೂ ಕಲಿಕೆಯ ಮೇಲೂ ಪರಿಣಾಮ ಬೀರುತ್ತದೆ ಎಂಬುದು ನಿಜ. ಆದರೆ ಆ ಪರಿಣಾಮದ ದೊಡ್ಡ ಪಾಲು ಚದರ ಅಡಿಗಳ ಲೆಕ್ಕದಿಂದ ನೇರವಾಗಿ ಬರದೆ, ಮನೆಯೊಳಗಿನ ಸಿಡಿಮಿಡಿ, ಸದ್ದುಗದ್ದಲ, ಅರೆಬರೆ ನಿದ್ದೆ ಮತ್ತು ಕೆಟ್ಟ ಗಾಳಿಯ ಮೂಲಕ ಬರುತ್ತದೆ. ಇವುಗಳಲ್ಲಿ ಬಹಳಷ್ಟನ್ನು ಮನೆ ಬದಲಿಸದೆಯೇ ಬದಲಿಸಬಹುದು ಎಂಬುದೇ ನಿಮಗೆ ಮುಖ್ಯವಾಗಿ ಹೇಳಬೇಕಾದ ವಿಷಯ.

ಇದಕ್ಕೆ ಆಧಾರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಅಮೆರಿಕದ ಪರಿಸರ ಮನೋವಿಜ್ಞಾನಿ ಗ್ಯಾರಿ ಇವಾನ್ಸ್ ಅವರು ಪುಣೆಯ ವಿದ್ವಾಂಸರ ಜೊತೆ ಸೇರಿ ಪುಣೆಯಲ್ಲೇ ದುಡಿಯುವ ವರ್ಗದ ಮನೆಗಳ 10ರಿಂದ 12 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿ, ಅದರ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ನಿಮ್ಮ ಮಗನ ವಯಸ್ಸಿನವರೇ ಆ ಮಕ್ಕಳು. ಮನೆಯ ಆದಾಯದ ವ್ಯತ್ಯಾಸವನ್ನು ಲೆಕ್ಕದಿಂದ ಹೊರಗಿಟ್ಟು ನೋಡಿದಾಗಲೂ, ಒಂದು ಕೋಣೆಗೆ ಹೆಚ್ಚು ಜನರಿರುವ ಮನೆಗಳ ಮಕ್ಕಳು ಓದಿನಲ್ಲಿ ಹಿಂದಿದ್ದರು, ಶಾಲೆಯ ನಡವಳಿಕೆಯಲ್ಲಿ ಹೆಚ್ಚು ತೊಂದರೆ ಅನುಭವಿಸುತ್ತಿದ್ದರು. ಗಂಡುಮಕ್ಕಳಲ್ಲಿ ರಕ್ತದೊತ್ತಡ ಸ್ವಲ್ಪ ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ, ಎಷ್ಟು ಪ್ರಯತ್ನಿಸಿದರೂ ತನ್ನಿಂದಾಗದು ಎಂದು ಬೇಗನೆ ಕೈಚೆಲ್ಲುವ ಸ್ವಭಾವ ಕಂಡುಬಂತು. ಇಷ್ಟನ್ನೇ ಓದಿದರೆ ಎದೆಗುಂದಬೇಕಾದೀತು. ಆದರೆ ಅದೇ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಕ್ಕಟ್ಟು ಮಗುವನ್ನು ತಲುಪುವ ದಾರಿ ಯಾವುದು ಎಂದೂ ಕೇಳಿತ್ತು. ಮನೆಯಲ್ಲಿ ಜನ ಹೆಚ್ಚಾದಷ್ಟೂ ತಂದೆತಾಯಿಗೂ ಮಕ್ಕಳಿಗೂ ನಡುವೆ ಜಗಳ ಹೆಚ್ಚುತ್ತದೆ, ಮತ್ತು ಇಕ್ಕಟ್ಟಿನ ಹಾನಿಯ ಬಹುಪಾಲು ಈ ಜಗಳದ ಮೂಲಕವೇ ಮಗುವಿಗೆ ತಟ್ಟುತ್ತದೆ ಎಂಬುದು ಸಿಕ್ಕ ಉತ್ತರ.

ಚಾಳಿನ ಬದುಕನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. 1920ರ ದಶಕದಲ್ಲಿ ಕಟ್ಟಿದ ವರಳಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳುಗಳ ಖೋಲಿ 160 ಚದರ ಅಡಿಯದು. ಈಗಿನ ಕೊಳೆಗೇರಿ ಪುನರ್ವಸತಿ ಯೋಜನೆಯ ಹೊಸ ಮನೆ 300 ಚದರ ಅಡಿಯದು. ಇಂಥ ಜಾಗದಲ್ಲಿ ಐದು ಜನರಿರುವಾಗ ಒಬ್ಬರ ಕಾಲು ಇನ್ನೊಬ್ಬರಿಗೆ ತಗುಲದೆ ದಿನ ಕಳೆಯುವುದಿಲ್ಲ. ಬೆಳಿಗ್ಗೆ ಏಳುವಾಗಿನಿಂದ ‘ಆಚೆ ಸರಿ’, ‘ಪುಸ್ತಕ ಎತ್ತು, ತಟ್ಟೆ ಇಡಬೇಕು’, ‘ಎಷ್ಟು ಸಲ ಹೇಳುವುದು’ ಎಂಬ ಮಾತುಗಳು ಯಾರ ತಪ್ಪೂ ಇಲ್ಲದೆ ಬಾಯಿಂದ ಬರುತ್ತವೆ. ದೊಡ್ಡ ಮನೆಯಲ್ಲಿ ಇಂಥ ಮಾತಿಗೆ ಅವಕಾಶವೇ ಹುಟ್ಟುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಜಗಳವಾದರೆ ಅದು ನಿಮ್ಮ ಗುಣದ ಕೊರತೆ ಎಂದು ಕೊರಗಬೇಡಿ. ಜಾಗಕ್ಕಾಗಿ ಆಗುವ ಜಗಳಗಳನ್ನು ಮೊದಲೇ ಗೊತ್ತುಮಾಡಿಕೊಂಡ ವ್ಯವಸ್ಥೆಯಿಂದ ಕಡಿಮೆ ಮಾಡಬಹುದು. ಗೋಡೆಯ ಒಂದು ಮೂಲೆ, ಒಂದು ಮಡಚುವ ಮೇಜು ಅಥವಾ ಮಣೆ, ಅದರ ಮೇಲೊಂದು ಹಲಗೆಯ ಕಪಾಟು ಮಗನದೇ ಎಂದು ಎಲ್ಲರೂ ಒಪ್ಪಿ, ಅವನು ಅಲ್ಲಿ ಕುಳಿತಿರುವಷ್ಟು ಹೊತ್ತು ಯಾವ ಕೆಲಸಕ್ಕೂ ಎಬ್ಬಿಸದಿದ್ದರೆ, ಆ ಮೂಲೆ ಮೂರು ಅಡಿಯದಾದರೂ ಅವನಿಗೆ ಸಾಕಾಗುತ್ತದೆ.

ಎರಡನೆಯ ದಾರಿ ಸದ್ದು. ಇದನ್ನು ನಾವು ಅತ್ಯಂತ ಹಗುರವಾಗಿ ಕಾಣುತ್ತೇವೆ, ಏಕೆಂದರೆ ಮುಂಬೈಯಲ್ಲಿ ಬೆಳೆದ ಮಗುವಿಗೆ ಸದ್ದು ಅಭ್ಯಾಸವಾಗಿದೆ ಎಂದು ನಂಬಿದ್ದೇವೆ. ನನ್ನ ಮಟ್ಟಿಗೆ, ಆ ಅಭ್ಯಾಸವೇ ಚಿಂತೆಯ ವಿಷಯ. ನ್ಯೂಯಾರ್ಕಿನಲ್ಲಿ ಹೆದ್ದಾರಿಯ ಮೇಲೆಯೇ ಎಬ್ಬಿಸಿದ 32 ಅಂತಸ್ತಿನ ವಸತಿ ಕಟ್ಟಡಗಳಲ್ಲಿ ವಾಸಿಸುತ್ತಿದ್ದ ಶಾಲಾ ಮಕ್ಕಳ ಬಗ್ಗೆ 1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸದ್ದು ಹೆಚ್ಚಿದ್ದ ಕೆಳ ಅಂತಸ್ತುಗಳ ಮಕ್ಕಳು ಒಂದನ್ನೊಂದು ಹೋಲುವ ಶಬ್ದಗಳನ್ನು ಬೇರೆಬೇರೆಯಾಗಿ ಗುರುತಿಸುವುದರಲ್ಲಿ ಹಿಂದಿದ್ದರು, ಓದುವುದರಲ್ಲಿಯೂ ಹಿಂದಿದ್ದರು. ಅಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದವರಲ್ಲಿ ಇದು ಎದ್ದು ಕಂಡಿತು. ಸದ್ದಿಗೆ ಕಿವಿಗೊಡದೆ ಇರುವುದನ್ನು ಕಲಿತ ಮಗು, ಅದರ ಜೊತೆಗೆ ಮಾತಿಗೂ ಕಿವಿಗೊಡದೆ ಇರುವುದನ್ನು ಕಲಿಯುತ್ತದೆ ಎಂದು ಸಂಶೋಧಕರು ಇದನ್ನು ವಿವರಿಸಿದರು. ತರಗತಿಯಲ್ಲಿ ಟೀಚರು ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ. ಸಮಾಧಾನದ ಸಂಗತಿಯೂ ಉಂಟು: 1992ರಲ್ಲಿ ಮ್ಯೂನಿಕ್ ನಗರದ ಹಳೆಯ ವಿಮಾನ ನಿಲ್ದಾಣ ಮುಚ್ಚಿದ ಮೇಲೆ ಅದರ ಸುತ್ತಲಿನ ಮಕ್ಕಳ ಓದು ಮತ್ತು ನೆನಪಿನ ಶಕ್ತಿ ಸುಧಾರಿಸಿತು. ಹೊಸ ನಿಲ್ದಾಣ ಬಂದ ಕಡೆಯ ಮಕ್ಕಳಲ್ಲಿ ಅವೇ ಕುಂದತೊಡಗಿದವು.

ಲೋಕಲ್ ಗಾಡಿಯ ಸದ್ದನ್ನು ನೀವು ನಿಲ್ಲಿಸಲಾರಿರಿ, ಗಣೇಶೋತ್ಸವದ ಧ್ವನಿವರ್ಧಕವನ್ನೂ ನಿಲ್ಲಿಸಲಾರಿರಿ. ಆದರೆ ಮನೆಯೊಳಗಿನ ಟಿ.ವಿ. ನಿಮ್ಮ ಕೈಯಲ್ಲಿದೆ. ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿಗಳು ಓಡುವ ಖೋಲಿಯಲ್ಲಿ, ಟಿ.ವಿ.ಗೆ ಬೆನ್ನು ಹಾಕಿ ಕುಳಿತ ಹುಡುಗ ಪುಟ ತಿರುಗಿಸುತ್ತಾನೆ, ಆದರೆ ಅವನ ಕಿವಿ ಕಥೆಯಲ್ಲಿಯೇ ಇರುತ್ತದೆ. ಹಗಲಿಡೀ ಮನೆಯಲ್ಲೇ ಇರುವ ಅತ್ತೆಯವರಿಗೆ ಆ ಧಾರಾವಾಹಿಗಳೇ ಊರಿನ ಮಾತು ಕೇಳಿಸುವ ದಾರಿ ಎಂಬುದನ್ನು ಮರೆಯದೆ, ಅವರೊಡನೆ ಕುಳಿತು ಒಂದು ಗಂಟೆಯನ್ನು ಗೊತ್ತುಮಾಡಿಕೊಳ್ಳಿ. ಮೊಮ್ಮಗನ ಓದಿಗಾಗಿ ಎಂದು ಕೇಳಿಕೊಂಡರೆ ಒಲ್ಲೆನೆನ್ನುವ ಅಜ್ಜಿಯರು ಕಡಿಮೆ.

ನಿದ್ದೆಯ ವಿಷಯ ಇದಕ್ಕಿಂತಲೂ ಗಂಭೀರ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. 13 ದಾಟಿದವರಿಗೆ 8ರಿಂದ 10 ಗಂಟೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ಒಂದೇ ಖೋಲಿಯ ಮನೆಯಲ್ಲಿ ಕೊನೆಯವರು ಮಲಗಿದ ಮೇಲೆ ದೀಪ ಆರುತ್ತದೆ, ಮೊದಲು ಎದ್ದವರ ಜೊತೆಗೆ ಅದು ಉರಿಯುತ್ತದೆ. ಹೋಟೆಲಿನ ಕೆಲಸ ಮುಗಿಸಿ ತಂದೆ ರಾತ್ರಿ ಹನ್ನೊಂದೂವರೆಗೆ ಬಂದು ಊಟಕ್ಕೆ ಕುಳಿತರೆ, ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬಂದರೆ, ನಡುವೆ ಮಗುವಿಗೆ ಉಳಿಯುವುದು ಐದಾರು ಗಂಟೆ ಮಾತ್ರ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು, ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂಬ ಕಾರಣವನ್ನೇ ಮುಂದಿಟ್ಟು, 4ನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮುಂಚೆ ಆರಂಭವಾಗಬಾರದೆಂದು ಆದೇಶಿಸಿತು. ಆರನೇ ತರಗತಿಯ ನಿಮ್ಮ ಮಗನಿಗೆ ಆ ಅನುಕೂಲ ಸಿಗುವುದಿಲ್ಲ. ಅವನು ಮಲಗುವ ಮೂಲೆಗೆ ಒಂದು ದಪ್ಪ ಪರದೆ ಕಟ್ಟಿ, ಅಟ್ಟವಿದ್ದರೆ ಮತ್ತು ಅಲ್ಲಿ ಗಾಳಿಯಾಡುತ್ತಿದ್ದರೆ ಅಲ್ಲಿ ಮಲಗಿಸಿ, ತಡವಾಗಿ ಬಂದವರು ಒಲೆಯ ಬಳಿಯ ಚಿಕ್ಕ ದೀಪದಲ್ಲಿಯೇ ಊಟ ಮುಗಿಸುವಂತೆ ಮಾಡಿದರೆ ದಿನಕ್ಕೆ ಎರಡು ಗಂಟೆಯ ನಿದ್ದೆಯಾದರೂ ಅವನಿಗೆ ಹೆಚ್ಚಾಗಿ ದಕ್ಕಬಹುದು. ಮಲಗುವಾಗ ಮೊಬೈಲು ಅವನ ಕೈಯಲ್ಲಿರಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಇನ್ನು ಕೆಮ್ಮು. ನೀವು ಇದನ್ನು ಪ್ರಶ್ನೆಯ ನಡುವೆ ಹೇಳಿ ಮುಂದೆ ಹೋಗಿದ್ದೀರಿ. ನಾನಾದರೆ ಇದನ್ನೇ ಮೊದಲಿಗೆ ಇಡುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗುವುದು ಖೋಲಿಯೊಳಗಿನ ಹಗ್ಗದ ಮೇಲೆ, ಹೊರಗೋಡೆಯಿಂದ ನೀರು ಜಿನುಗುತ್ತದೆ, ಕಪಾಟಿನ ಹಿಂದೆ ಗೋಡೆಯ ಮೇಲೆ ಕಪ್ಪು ಬೂಷ್ಟು ಹರಡುತ್ತದೆ. ತೇವ ಮತ್ತು ಬೂಷ್ಟಿರುವ ಮನೆಗಳ ಮಕ್ಕಳಲ್ಲಿ ಕೆಮ್ಮು, ಉಬ್ಬಸ ಹೆಚ್ಚು ಎಂಬುದು ಅನೇಕ ದೇಶಗಳಲ್ಲಿ ಕಂಡ ಸಂಗತಿ. ಸೊಳ್ಳೆಯ ಕಾಟಕ್ಕೆ ಕಿಟಕಿ ಮುಚ್ಚಿ ಕಾಯಿಲ್ ಹಚ್ಚುವುದು ಇದರ ಮೇಲಿನ ಇನ್ನೊಂದು ಹೊರೆ. ಒಂದು ಕಾಯಿಲ್ ಪೂರ್ತಿ ಉರಿದಾಗ ಹೊರಬರುವ ಅತಿಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಉರಿಯುವುದು ಮಗುವಿನ ತಲೆಯಿಂದ ಎರಡು ಅಡಿ ದೂರದಲ್ಲಿ. ಸೊಳ್ಳೆಪರದೆ ಕಟ್ಟಿದರೆ ಕಾಯಿಲ್ ಬೇಕಾಗುವುದಿಲ್ಲ. ಅಗರಬತ್ತಿ, ಧೂಪಗಳನ್ನು ಬಾಗಿಲು ತೆರೆದಿರುವಾಗ ಹಚ್ಚಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಸಾಧ್ಯವಾದರೆ ಒಲೆಯ ಮೇಲಿನ ಕಿಂಡಿಗೆ ಹೊಗೆ ಹೊರಹಾಕುವ ಫ್ಯಾನ್ ಹಾಕಿಸಿ. ಗೋಡೆಯ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟರೆ ಗಾಳಿಯಾಡುತ್ತದೆ.

ರಾತ್ರಿ ಕೆಮ್ಮುವ ಮಗು ನಿದ್ದೆಗೆಡುತ್ತದೆ, ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ, ತಿಂಗಳಲ್ಲಿ ಕೆಲವು ದಿನ ಶಾಲೆಯನ್ನೇ ತಪ್ಪಿಸುತ್ತದೆ. ಆಮೇಲೆ ನಾವು ಅದನ್ನು ಓದಿನಲ್ಲಿ ಹಿಂದೆ ಎನ್ನುತ್ತೇವೆ. ಉಬ್ಬಸವೆಂದು ವೈದ್ಯರು ಹೇಳಿ ಪಂಪ್ (ಇನ್‌ಹೇಲರ್) ಬರೆದುಕೊಟ್ಟರೆ, ಅದು ಚಟವಾಗುತ್ತದೆ ಎಂಬ ನೆರೆಹೊರೆಯವರ ಮಾತಿಗೆ ಹೆದರಬೇಡಿ. ಪಂಪ್ ಚಟವಾಗುವುದಿಲ್ಲ, ಔಷಧಿಯನ್ನು ಬೇಕಾದ ಜಾಗಕ್ಕೆ ಕಡಿಮೆ ಪ್ರಮಾಣದಲ್ಲಿ ತಲುಪಿಸುವ ದಾರಿ ಅದು. ಕೆಮ್ಮು ಎರಡು ವಾರ ದಾಟಿದರೆ, ಜೊತೆಗೆ ಸಂಜೆಯ ಜ್ವರವಿದ್ದರೆ ಅಥವಾ ತೂಕ ಏರದಿದ್ದರೆ, ಕ್ಷಯದ ಪರೀಕ್ಷೆಯನ್ನು ಮುಂದೂಡಬಾರದು. ಗೋವಂಡಿ ಭಾಗದ ಪುನರ್ವಸತಿ ಕಾಲೊನಿಗಳಲ್ಲಿ ಕಟ್ಟಡಗಳನ್ನು ಒಂದಕ್ಕೊಂದು ಕೇವಲ 3 ಮೀಟರ್ ಅಂತರದಲ್ಲಿ ಕಟ್ಟಿದ್ದರಿಂದ ಕೆಳ ಅಂತಸ್ತುಗಳಿಗೆ ಬಿಸಿಲೂ ಗಾಳಿಯೂ ಹೋಗದೆ, ಅಲ್ಲಿ ಕ್ಷಯ ಹೆಚ್ಚಿರುವುದನ್ನು ಅಧ್ಯಯನಗಳು ಗುರುತಿಸಿವೆ. ಅಲ್ಲಿನ ತಾಯಂದಿರು ಎಷ್ಟು ಅಚ್ಚುಕಟ್ಟಾಗಿ ಮನೆ ಇಟ್ಟುಕೊಂಡರೂ ಆ 3 ಮೀಟರನ್ನು ಅಗಲ ಮಾಡಲಾರರು. ಅದು ನಕ್ಷೆಗೆ ಒಪ್ಪಿಗೆ ಕೊಟ್ಟವರ ಹೊಣೆ. ಮಹಾನಗರಪಾಲಿಕೆಯ ಆಸ್ಪತ್ರೆ, ದವಾಖಾನೆಗಳಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಬೆಳಕಿನ ಬಗ್ಗೆ ಒಂದು ಸಣ್ಣ ಮಾತು. ಖೋಲಿಯ ಟ್ಯೂಬ್‌ಲೈಟ್ ಸಾಮಾನ್ಯವಾಗಿ ಒಂದೇ ಗೋಡೆಯ ಮೇಲಿರುತ್ತದೆ, ಮಗು ಅದಕ್ಕೆ ಬೆನ್ನು ಮಾಡಿ ಕುಳಿತರೆ ಅವನದೇ ತಲೆಯ ನೆರಳು ಪುಸ್ತಕದ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವನಾದರೆ ದೀಪ ಎಡಗಡೆ ಬರುವಂತೆ ಕೂರಿಸಿ. ಕಣ್ಣಿಗೆ ಇದಕ್ಕಿಂತ ಮುಖ್ಯವಾದುದು ಹೊರಗಿನ ಬೆಳಕು: ಹಗಲು ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿಯ ದೋಷ ಬರುವುದು ಕಡಿಮೆ ಎಂದು ಚೀನಾದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ನಡೆದ ಅಧ್ಯಯನಗಳು ತೋರಿಸಿವೆ, ತೈವಾನಿನ ಶಾಲೆಗಳು 2010ರಿಂದ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ನಡೆಸುತ್ತಿವೆ. ಚಾಳಿನ ಅಂಗಳದ ಕ್ರಿಕೆಟ್ಟನ್ನು ಓದಿನ ಶತ್ರುವೆಂದು ಬೈಯುವ ಮೊದಲು ಇದನ್ನು ನೆನೆಯಬೇಕು. ಬೆಳಿಗ್ಗೆ ಚಹಾ ಜೊತೆ ಖಾರಿ ಬಿಸ್ಕತ್ತು ಅಥವಾ ಪಾವ್ ತಿಂದು ಮಗು ಹೊರಡುವುದಾದರೆ ಅದನ್ನೂ ಬದಲಿಸಿ. ಊಟತಿಂಡಿಯ ಜೊತೆ ಕುಡಿದ ಚಹಾ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ, ಕಬ್ಬಿಣಾಂಶ ಕಡಿಮೆಯಾದ ಮಗು ಬೇಗ ದಣಿಯುತ್ತದೆ.

ಊರಿಗೆ ಕಳಿಸುವ ವಿಚಾರಕ್ಕೆ ಬರುತ್ತೇನೆ. ಕರಾವಳಿಯಲ್ಲಾಗಲಿ ವಿಜಯಪುರ, ಕಲಬುರಗಿಯ ಕಡೆಯಲ್ಲಾಗಲಿ ಅಜ್ಜಿಯ ಮನೆಯಲ್ಲಿ ಬೆಳೆದ ಮುಂಬೈ ಮಕ್ಕಳು ಅನೇಕರಿದ್ದಾರೆ, ಚೆನ್ನಾಗಿ ಓದಿದವರೂ ಇದ್ದಾರೆ. ಆದರೆ ಮನೆ ಚಿಕ್ಕದೆಂಬ ಒಂದೇ ಕಾರಣಕ್ಕೆ ಹನ್ನೊಂದರ ಹುಡುಗನನ್ನು ತಂದೆತಾಯಿಯಿಂದ ಬಿಡಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಕ್ಕಟ್ಟಿನ ಹಾನಿಯನ್ನು ತಗ್ಗಿಸಬಲ್ಲ ಶಕ್ತಿ ಇರುವುದು ನಿಮಗೂ ಅವನಿಗೂ ನಡುವಿನ ಸಂಬಂಧದಲ್ಲಿಯೇ. ಇಂಗ್ಲಿಷ್ ಮಾಧ್ಯಮದ ಪಾಠ ಹೇಳಿಕೊಡಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಅವನು ಇಂದು ಓದಿದ್ದನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ನಿಮಗೆ ಹೇಳಲಿ, ನೀವು ತಿಳಿಯದ್ದನ್ನು ಕೇಳಿ. ಇನ್ನೊಬ್ಬರಿಗೆ ವಿವರಿಸಿ ಹೇಳಿದಾಗ ಪಾಠ ಅವನಿಗೇ ಸ್ಪಷ್ಟವಾಗುತ್ತದೆ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಅಲ್ಲಿಯೇ ಮಲಗುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ಹುಡುಗರಿಗೆ ಮನೆಯೆಂಬುದೇ ಇರಲಿಲ್ಲ. ಅವರಿಗಾಗಿ ಮುಂಬೈಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಓದಲು ಕುಳಿತುಕೊಳ್ಳುವ ಜಾಗ, ಹೆಸರು ಹಿಡಿದು ಕೇಳುವ ಒಬ್ಬ ಮೇಷ್ಟ್ರು, ಇಷ್ಟು ಆ ಶಾಲೆಗಳಲ್ಲಿ ಸಿಗುತ್ತಿತ್ತು.

ಜಾಗವೇ ಸಾಲದೆ ಹೋದರೆ, ಇಲ್ಲಿನ ಅನೇಕ ಬಡಾವಣೆಗಳಲ್ಲಿ ಪಾಲಿಕೆಯದೋ ಗಣೇಶೋತ್ಸವ ಮಂಡಳಿಯದೋ ‘ಅಭ್ಯಾಸಿಕಾ’, ಅಂದರೆ ಓದುವ ಕೋಣೆ, ಇರುತ್ತದೆ. ದೊಡ್ಡ ಪರೀಕ್ಷೆಗಳಿಗೆ ಓದುವವರು ಅಲ್ಲಿ ಸದ್ದಿಲ್ಲದೆ ಕುಳಿತು ಓದುತ್ತಾರೆ. ಆರನೇ ತರಗತಿಯವರನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿ ನೋಡಿ. ಟ್ಯೂಷನ್ ಬಗ್ಗೆ ಈಗಲೇ ತೀರ್ಮಾನ ಬೇಡ. ಶಾಲೆಯ ನಂತರ ಇನ್ನೂ ಎರಡು ಗಂಟೆ ಇನ್ನೊಂದು ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಬಂದರೆ ಆಟವೂ ನಿದ್ದೆಯೂ ಮತ್ತಷ್ಟು ಕಡಿಮೆಯಾಗುತ್ತವೆ. ಈ ವಾರ ಅವನನ್ನು ಮಕ್ಕಳ ವೈದ್ಯರಿಗೆ ತೋರಿಸಿ ಕೆಮ್ಮಿನ ಮೂಲ ತಿಳಿದುಕೊಳ್ಳಿ, ಕಾಯಿಲ್ ನಿಲ್ಲಿಸಿ, ನಿದ್ದೆಯ ಹೊತ್ತನ್ನು ಸರಿಪಡಿಸಿ, ಕ್ಲಾಸ್ ಟೀಚರನ್ನು ಕಂಡು ಯಾವ ವಿಷಯದಲ್ಲಿ, ಯಾವ ಪಾಠದಿಂದ ಅವನು ಹಿಂದೆ ಬಿದ್ದ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಯ ಅಂಕಗಳು ಬಂದ ಮೇಲೂ ಅದೇ ವಿಷಯದಲ್ಲಿ ತೊಡಕು ಉಳಿದಿದ್ದರೆ, ಆ ಒಂದು ವಿಷಯಕ್ಕೆ ಮಾತ್ರ ಟ್ಯೂಷನ್ ಹಾಕಿ.