ಶಾಲೆಯಲ್ಲಿ ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುವುದಿಲ್ಲವೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಮುಟ್ಟು, ಗರ್ಭ, ಎಚ್‌ಐವಿ ಅಂತೆಲ್ಲ ಪಾಠ ಮಾಡುತ್ತಾರಂತೆ. ಗೊತ್ತಿಲ್ಲದ ಮಕ್ಕಳಿಗೆ ಗೊತ್ತು ಮಾಡಿಸಿ ತಲೆ ಕೆಡಿಸಿದ ಹಾಗೆ ಆಗುವುದಿಲ್ಲವೇ? ಆ ದಿನ ಶಾಲೆಗೆ ಕಳಿಸದೇ ಇರೋಣವೇ?

ಉತ್ತರ: ದಯವಿಟ್ಟು ಕಳಿಸಿ. ತೀರ್ಥಹಳ್ಳಿ, ಸಾಗರ, ಸೊರಬ, ಎಲ್ಲಿಯ ಅಪ್ಪ-ಅಮ್ಮಂದಿರನ್ನು ಕೇಳಿದರೂ ಈ ಭಯ ಇದ್ದೇ ಇರುತ್ತದೆ. ರಾಜ್ಯ ಮಟ್ಟದಲ್ಲೂ ಇತ್ತು. ಇದೇ ವಿಷಯಗಳನ್ನು ಶಾಲೆಯಲ್ಲಿ ಹೇಳಿಕೊಡುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡ ಎಂದು 2007ರಲ್ಲಿ ವಿರೋಧಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ನಿಮ್ಮ ಪ್ರಶ್ನೆಯನ್ನು ಎಷ್ಟೋ ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಲೈಂಗಿಕ ಶಿಕ್ಷಣದ ಬಗ್ಗೆ 2018ರಲ್ಲಿ ತಂದ ಮಾರ್ಗಸೂಚಿ ಆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಹೇಳುವುದು ಇಷ್ಟು: ಪಾಠ ಕೇಳಿದ ಕಾರಣಕ್ಕೆ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ. ಪಾಠ ಚೆನ್ನಾಗಿದ್ದ ಕಡೆ ತಡವಾಗಿ ಶುರು ಮಾಡಿದ್ದಾರೆ, ಕಾಂಡೋಮ್ ಬಳಕೆಯೂ ಹೆಚ್ಚಾಗಿದೆ. ‘ಮದುವೆವರೆಗೆ ಬೇಡ’ ಎಂದಷ್ಟೇ ಹೇಳಿ ಮುಗಿಸಿದ ಪಾಠಗಳಿಂದ ಈ ಪ್ರಯೋಜನ ಸಿಕ್ಕಿಲ್ಲ. ಇನ್ನು ‘ಗೊತ್ತಿಲ್ಲದ ಮಕ್ಕಳು’ ಎಂದಿರಿ. ಮೊಬೈಲ್ ಇರುವ ಮನೆಯಲ್ಲಿ ಅವರಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುವುದು ಕಷ್ಟ. ಗೊತ್ತಿರುವುದರಲ್ಲಿ ತಪ್ಪೇ ಜಾಸ್ತಿ.

ಪಾಠದಲ್ಲಿ ಏನಿರುತ್ತದೆ? ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದ ಪಠ್ಯದಲ್ಲಿ 11 ವಿಷಯಗಳಿವೆ. ಊಟ, ಮನಸ್ಸಿನ ಆರೋಗ್ಯ, ಗುಟ್ಕಾ-ಹೆಂಡದ ಚಟ, ಇಂಟರ್ನೆಟ್ ಬಳಕೆ ಎಲ್ಲ ಇವೆ. ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆ ಅದರಲ್ಲಿ ಒಂದು. ಪ್ರತಿ ಶಾಲೆಯಲ್ಲೂ ಒಬ್ಬರು ಮೇಷ್ಟ್ರು, ಒಬ್ಬರು ಟೀಚರ್‌ಗೆ ಇದಕ್ಕೆಂದೇ ತರಬೇತಿ ಕೊಡಬೇಕು ಎಂಬುದು ನಿಯಮ.

ದೌರ್ಜನ್ಯದಿಂದ ರಕ್ಷಣೆ ಎಂಬ ಭಾಗವೂ ಇದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಾಡಿಸಿದ ಮಕ್ಕಳಲ್ಲಿ ಶೇ. 53ರಷ್ಟು ಜನ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಹಾಗೆ ಮಾಡಿದವರಲ್ಲಿ ಎಷ್ಟೋ ಜನ ಮಕ್ಕಳಿಗೆ ಗೊತ್ತಿದ್ದವರೇ. ತನ್ನ ದೇಹದ ಭಾಗದ ಹೆಸರು ಹೇಳಲೂ ನಾಚುವ ಮಗು ಅದನ್ನು ಅಮ್ಮನಿಗೆ ಹೇಗೆ ಹೇಳೀತು?

ಗಂಡುಮಕ್ಕಳನ್ನು ಆಟದ ಮೈದಾನಕ್ಕೆ ಕಳಿಸಿ, ಹುಡುಗಿಯರಿಗೆ ಮಾತ್ರ ಪ್ಯಾಡ್ ಬಗ್ಗೆ ಹೇಳಿ ಮುಗಿಸುವುದುಂಟು. ಇದು ಸಾಲದು. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರ ಜೊತೆ ಲೈಂಗಿಕ ಸಂಬಂಧ ಅಪರಾಧ. ‘ಅವಳೇ ಒಪ್ಪಿದ್ದಳು’ ಎನ್ನುವುದಕ್ಕೆ ಬೆಲೆಯಿಲ್ಲ. ಪಿಯುಸಿಯ ಎಷ್ಟೋ ಹುಡುಗರಿಗೆ ಇದು ಪೊಲೀಸರು ಮನೆಗೆ ಬಂದ ಮೇಲೇ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಎರಡು ಮನೆಗಳೂ ನೋವಿನಲ್ಲಿರುತ್ತವೆ. ಹೈಸ್ಕೂಲಲ್ಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು ಅಲ್ವಾ?

ಪಾಠ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 2016ರಲ್ಲಿ ಬಂತು. ಆಫ್ರಿಕಾ, ಲ್ಯಾಟಿನ್ ಅಮೆರಿಕ, ಯುರೋಪಿನ 55,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ 8 ಪ್ರಯೋಗಗಳನ್ನು ಅದು ನೋಡಿತು. ಬರೀ ತರಗತಿಯ ಪಾಠದಿಂದ ಎಚ್‌ಐವಿ, ಲೈಂಗಿಕ ರೋಗ, ಗರ್ಭಧಾರಣೆ ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಹುಡುಗಿಯರು ಶಾಲೆ ಬಿಡದಂತೆ ಹಣ ಅಥವಾ ಸಮವಸ್ತ್ರ ಕೊಟ್ಟ ಕಡೆ ಚಿಕ್ಕ ವಯಸ್ಸಿನ ಬಸಿರು ಕಡಿಮೆಯಾಗುವ ಸೂಚನೆ ಸಿಕ್ಕಿತು.

ಇದನ್ನು ಓದಿದಾಗ ನನಗೆ ನೆನಪಾಗುವುದು ನಮ್ಮ ಬಸ್ಸುಗಳು. ಹತ್ತನೇ ಕ್ಲಾಸು ಮುಗಿದ ಹುಡುಗಿಗೆ ಪಿಯು ಕಾಲೇಜು ದೂರ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಒಂದೇ ಬಸ್ಸು, ಅದೂ ಬರುತ್ತದೆ ಎಂಬ ಖಾತ್ರಿಯಿಲ್ಲ. ಇಳಿದ ಮೇಲೆ ಕಾಡುದಾರಿ. ‘ಮನೇಲೇ ಇರಲಿ’ ಎನ್ನುತ್ತಾರೆ, ಆಮೇಲೆ ಗಂಡು ನೋಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21ರಷ್ಟು ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಹಾಗಾಗಿ ಹಾಸ್ಟೆಲ್ ಸೀಟು, ಸಂಜೆಯ ಬಸ್ಸು, ಇವನ್ನು ಕೇಳುವುದೂ ಮಗಳ ಆರೋಗ್ಯಕ್ಕಾಗಿ ಕೇಳಿದಂತೆಯೇ.

ಇನ್ನೊಂದು ತೊಂದರೆ ಸಣ್ಣ ಊರಿನದು. ಮೆಡಿಕಲ್ ಶಾಪಿನವರಿಗೆ ಅಪ್ಪನ ಪರಿಚಯ, ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಮನೆಯವರು. ಬಿಳಿ ಮುಟ್ಟು, ತುರಿಕೆ, ಮುಟ್ಟು ತಪ್ಪಿದ್ದು, ಯಾವುದನ್ನೂ ಹುಡುಗಿ ಬಾಯಿಬಿಡುವುದಿಲ್ಲ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ. ಹೇಳಿದ್ದನ್ನು ಗುಟ್ಟಾಗಿಟ್ಟು ಸಲಹೆ ಕೊಡುವುದು ಅಲ್ಲಿಯ ಕೆಲಸ. ಹೀಗೊಂದು ಜಾಗ ಇದೆ ಎಂದು ಮಕ್ಕಳಿಗೆ ತಿಳಿಸಲು ಶಾಲೆಗಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ.

ಮುಂದಿನ ಪೋಷಕರ ಸಭೆಗೆ ಹೋದಾಗ ಟೀಚರ್‌ನ ಕೇಳಿ. ಪಾಠ ಒಂದೇ ದಿನವೋ, ವರ್ಷವಿಡೀ ಇದೆಯೋ? ಹುಡುಗರೂ ಕೂರುತ್ತಾರೋ? ಎಲ್ಲರ ಮುಂದೆ ಕೇಳಲಾಗದ ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲು ಡಬ್ಬಿ ಇಟ್ಟಿದ್ದಾರೋ? ಮಗಳು ಮನೆಗೆ ಬಂದಾಗ ಏನು ಹೇಳಿದರು ಎಂದು ಸುಮ್ನೆ ಕೇಳಿ, ಗದರಿಸಬೇಡಿ. ಮಕ್ಕಳ ಸಹಾಯವಾಣಿ 1098. ಅದಕ್ಕೆ ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು ಎಂಬುದನ್ನು ಅವಳಿಗೆ ಹೇಳಿಡಿ.