‘ಫ್ರೀ’ ಅಂದರೆ ಯಾವ ಫ್ರೀ?

ಮತ್ತೆ ಅದೇ ಫಾರ್ವರ್ಡ್ ಬಂತು: ತುಪ್ಪದಲ್ಲಿ ಫ್ರೀ ಫ್ಯಾಟಿ ಆಸಿಡ್ ಇದೆ, ಅದೇ ಫ್ರೀ ರ‍್ಯಾಡಿಕಲ್, ಅದರಿಂದಲೇ ಬೇಗ ಮುಪ್ಪು. ಎರಡರಲ್ಲೂ ‘ಫ್ರೀ’ ಇದೆ ಅಂತ ಸುಮ್ನೆ ಗಂಟು ಹಾಕಿದ್ದಾರೆ. ಈ ತಪ್ಪನ್ನು ಇನ್ನೆಷ್ಟು ಸಲ ಓದಬೇಕು?

ಫ್ರೀ ಫ್ಯಾಟಿ ಆಸಿಡ್, ಅಂದರೆ ಕೊಬ್ಬಿನ ಆಮ್ಲ, ಎಂಬಲ್ಲಿ ಫ್ರೀ ಅಂದರೆ ಬಿಡಿ. ಕಟ್ಟಿದ ಹೂ, ಬಿಡಿ ಹೂ ಅಂತೀವಲ್ವಾ, ಹಾಗೆ. ತುಪ್ಪದಲ್ಲಿ ಫ್ಯಾಟಿ ಆಸಿಡ್‌ಗಳು ಬಹುಪಾಲು ಮೂರು ಮೂರಾಗಿ ಒಂದು ಚಿಕ್ಕ ಅಣುವಾದ ಗ್ಲಿಸರಾಲ್‌ಗೆ ಕಟ್ಟಿಕೊಂಡಿರುತ್ತವೆ. ಕಟ್ಟು ಬಿಚ್ಚಿ ಬಂದದ್ದು ಮಾತ್ರ ಫ್ರೀ. ಹಳೇ ಬೆಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ಕಮಟು ವಾಸನೆಯಲ್ಲಿ ಹೀಗೆ ಬಿಡಿಯಾದ ಬ್ಯುಟಿರಿಕ್ ಆಸಿಡ್‌ನ ಪಾಲು ದೊಡ್ಡದು.

ರ‍್ಯಾಡಿಕಲ್ ಲ್ಯಾಟಿನ್‌ನ ‘ರಾಡಿಕ್ಸ್’ನಿಂದ ಬಂದ ಪದ. ಅರ್ಥ, ಬೇರು. ಮೂಲಂಗಿಗಿರುವ ರ‍್ಯಾಡಿಶ್ ಎಂಬ ಹೆಸರೂ ಅಲ್ಲಿಂದಲೇ. 18ನೇ ಶತಮಾನದ ಕೊನೆಗೆ ಫ್ರಾನ್ಸಿನ ರಸಾಯನ ವಿಜ್ಞಾನಿಗಳು ಆಮ್ಲದ ಬುಡದ ಭಾಗವನ್ನು ಹೀಗೆ ಕರೆದರು. ಆಮೇಲೆ, ಇನ್ನೊಂದಕ್ಕೆ ಅಂಟಿಕೊಂಡೇ ಇರುವ ಅಣುವಿನ ತುಂಡಿಗೂ ಅದೇ ಹೆಸರಾಯಿತು. ಅಂಥ ತುಂಡು ಒಂಟಿಯಾಗಿಯೂ ಇರಬಲ್ಲದು ಅಂತ 1900ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಮೋಸೆಸ್ ಗೊಂಬರ್ಗ್ ತೋರಿಸಿದರು. ಈ ‘ಫ್ರೀ’ ಹುಟ್ಟಿದ್ದು ಹಾಗೆ. ಈಗ ಅದರ ಗುರುತು ಜೋಡಿಯಿಲ್ಲದ ಎಲೆಕ್ಟ್ರಾನ್. ಫ್ಯಾಟಿ ಆಸಿಡ್ ಬಿಡಿಯಾದರೂ ಅದರ ಎಲೆಕ್ಟ್ರಾನ್‌ಗಳು ಜೋಡಿ ಬಿಡುವುದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಹಾಗಾದರೆ ಇವೆರಡಕ್ಕೂ ನಂಟೇ ಇಲ್ಲವೇ? ಇದೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಗೆ. ಊಟದಿಂದ ಬಂದ ಎಲೆಕ್ಟ್ರಾನ್‌ಗಳು ಅಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಮುಖ್ಯವಾಗಿ ಈ ದಾರಿಯ ಪ್ರೋಟೀನ್ ಗುಂಪುಗಳಾದ ಕಾಂಪ್ಲೆಕ್ಸ್ 1 ಮತ್ತು 3ರಲ್ಲಿ ಕೆಲವು ಸೋರುತ್ತವೆ. ಸೋರಿದ ಒಂದನ್ನು ಆಕ್ಸಿಜನ್ ಹಿಡಿದರೆ ಸೂಪರ್‌ಆಕ್ಸೈಡ್. ಅದು ನಿಜವಾದ ಫ್ರೀ ರ‍್ಯಾಡಿಕಲ್.

ಬಿಡಿ ಫ್ಯಾಟಿ ಆಸಿಡ್ ಜಾಸ್ತಿಯಾದರೆ ಈ ಸಾಗಾಟಕ್ಕೇ ಅಡ್ಡಿಯಾಗಬಹುದು. ಆಗ ಹಿಂದೆ ಎಲೆಕ್ಟ್ರಾನ್ ದಟ್ಟಣೆಯಾಗಿ ಸೋರಿಕೆ ಹೆಚ್ಚುತ್ತದೆ. ಆದರೆ ಅದೇ ಫ್ಯಾಟಿ ಆಸಿಡ್ ಎಲೆಕ್ಟ್ರಾನ್ ಸಾಗಾಟದ ಶಕ್ತಿಯಿಂದ ಮೈಟೊಕಾಂಡ್ರಿಯಾದ ಒಳಪೊರೆಯ ಆಚೆ ಕೂಡಿಟ್ಟ ಪ್ರೋಟಾನ್‌ಗಳನ್ನು ಒಳಕ್ಕೆ ದಾಟಿಸಲೂ ಬಲ್ಲದು. ಆಗ ಪೊರೆಯ ವಿದ್ಯುತ್ ಒತ್ತಡ ಇಳಿಯುತ್ತದೆ. ಎಲೆಕ್ಟ್ರಾನ್‌ಗಳು ಕಾಂಪ್ಲೆಕ್ಸ್ 1ಕ್ಕೆ ಹಿಂದಕ್ಕೆ ಹರಿದು ಸೋರುವುದು ತಗ್ಗುತ್ತದೆ. ಒಂದೇ ವಸ್ತು ಎರಡು ಕಡೆಗೂ ಎಳೆಯುತ್ತದೆ. ಫಾರ್ವರ್ಡ್ ಬರೆಯುವವರು ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ. ನನಗೆ ಬೇಸರ ಅದಕ್ಕೇ.

ಅವರು ಬಿಡುವ ಎರಡನೇ ಅರ್ಧಕ್ಕೆ ಒಂದು ಉದಾಹರಣೆ: ಎಳೆಗೂಸಿನ ಬೆನ್ನ ಮೇಲೆ, ಹೆಗಲ ರೆಕ್ಕೆ ಮೂಳೆಗಳ ನಡುವೆ ಕಂದು ಕೊಬ್ಬು ಇರುತ್ತದೆ. ಚಳಿಯಾದಾಗ ಅಲ್ಲಿ ಬಿಡಿಯಾದ ಫ್ಯಾಟಿ ಆಸಿಡ್ ಯುಸಿಪಿ1 ಎಂಬ ಪ್ರೋಟೀನನ್ನು ಚಾಲೂ ಮಾಡುತ್ತದೆ. ಪ್ರೋಟಾನ್‌ಗಳು ಅದರ ಮೂಲಕ ಒಳಕ್ಕೆ ನುಗ್ಗುತ್ತವೆ, ಮಗುವಿನ ಮೈ ಬೆಚ್ಚಗಾಗುತ್ತದೆ.