ಕೇಬಲ್ ಕಿತ್ಕೊಂಡ್ರೂ ಜಿಪಿಎಸ್ ಲೊಕೇಶನ್ ತೋರಿಸ್ತಾನೇ ಇತ್ತು

ಅಂಡರ್‌ಪಾಸ್ ಒಳಗೆ ಗಾಡಿ ಹೋದಾಗ ಫೋನಿನ ಮ್ಯಾಪಲ್ಲಿ ನೀಲಿ ಚುಕ್ಕೆ ಒಂದೊಂದ್ಸಲ ನಿಲ್ಲದೇ ಮುಂದಕ್ಕೆ ಹೋಗ್ತಾನೇ ಇರುತ್ತೆ, ಗಮನಿಸಿದೀರಾ? ಅಲ್ಲಿ ಸ್ಯಾಟಲೈಟ್ ಸಿಗ್ನಲ್ ಸಿಗಲ್ಲ, ಆದ್ರೆ ಇಷ್ಟೊತ್ತು ಈ ಸ್ಪೀಡಲ್ಲಿ ಈ ಕಡೆ ಹೋಗ್ತಿದ್ರು, ಹಂಗಾದ್ರೆ ಈಗ ಇಲ್ಲಿರ್ಬೇಕು ಅಂತ ಫೋನು ಅಂದಾಜು ಹೊಡೀತಿರುತ್ತೆ. ಹಡಗಿನವ್ರು ಇದಕ್ಕೆ ಡೆಡ್ ರೆಕನಿಂಗ್ ಅಂತಾರೆ, ಚಿಕ್ಕದಾಗಿ ಡಿಆರ್. ಅರ್ಧ ನಿಮಿಷಕ್ಕಾದ್ರೆ ಏನೂ ತೊಂದ್ರೆ ಇಲ್ಲ. ಒಂದೂವರೆ ದಿನ ಹಿಂಗೇ ಹೋದ್ರೆ?

1995ರ ಜೂನ್ 9ನೇ ತಾರೀಕು ಮಧ್ಯಾಹ್ನ 12ಕ್ಕೆ ರಾಯಲ್ ಮೆಜೆಸ್ಟಿ ಅನ್ನೋ ಪ್ರವಾಸಿ ಹಡಗು ಬರ್ಮುಡಾದಿಂದ ಅಮೆರಿಕದ ಬಾಸ್ಟನ್‌ಗೆ ಹೊರಡ್ತು, ಒಳಗೆ 1509 ಜನ. ಹೊರಟು ಒಂದು ಗಂಟೆ ಆಗೋದ್ರೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕನೆಕ್ಷನ್ ಬಿಟ್ಕೊಳ್ತು. ಆ ಕೇಬಲ್ಲನ್ನ ಮೇಲ್ಛಾವಣಿ ಮೇಲೆ ಓಡಾಡೋ ಕಡೆ ಹಂಗೇ ಎಳೆದಿದ್ರು, ಯಾರ್ದೋ ಕಾಲಿಗೆ ಸಿಕ್ಕಿದ್ರೂ ಆಶ್ಚರ್ಯ ಇಲ್ಲ. ರಿಸೀವರ್ ಕೈಗಡಿಯಾರದ ಅಲಾರಂ ಥರ ಪೀಕ್ ಪೀಕ್ ಅಂತ ಒಂದು ಕ್ಷಣ ಕೂಗಿ ಸುಮ್ನಾಯ್ತು, ಆಮೇಲೆ ಡಿಆರ್ ಮೋಡ್‌ಗೆ ಹೋಯ್ತು. ಅಕ್ಷಾಂಶ ರೇಖಾಂಶ ದೊಡ್ಡ ಅಕ್ಷರದಲ್ಲಿ ಮೊದಲಿನ ಹಾಗೇ ಬರ್ತಿದೆ, ಪಕ್ಕದಲ್ಲಿ ಮಾತ್ರ ಸಣ್ಣದಾಗಿ "ಡಿಆರ್" ಅಂತ ಬಂತು. ಜೋರಾಗಿ ಕೂಗೋ ಹೊರಗಿನ ಅಲಾರಂ ಹಾಕ್ಕೊಳ್ಳೋಕೆ ಅವಕಾಶ ಇತ್ತು, ಹಾಕಿರ್ಲಿಲ್ಲ.

ಇದ್ರಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟವಾದ (ಇಷ್ಟ ಅನ್ನೋದು ತಪ್ಪು ಪದ ಇರ್ಬೋದು) ಭಾಗ ಮುಂದಿಂದು. ಆಟೋಪೈಲಟ್ ದಡ್ಡ ಏನಲ್ಲ, ಜಿಪಿಎಸ್ ಹೇಳೋ ಜಾಗವನ್ನ ತನ್ನದೇ ಲೆಕ್ಕದ ಜೊತೆ ಹೋಲಿಸಿ ವ್ಯತ್ಯಾಸ ಜಾಸ್ತಿ ಆದ್ರೆ ಅಲಾರಂ ಹೊಡೀಬೇಕು ಅಂತ ಇತ್ತು. ಆದ್ರೆ ಆ ತನ್ನದೇ ಲೆಕ್ಕ ಎಲ್ಲಿಂದ ಬರೋದು? ದಿಕ್ಕು ಹೇಳೋ ಗೈರೋ ದಿಕ್ಸೂಚಿ ಮತ್ತೆ ನೀರಲ್ಲಿ ಹಡಗಿನ ವೇಗ ಅಳೆಯೋ ಸ್ಪೀಡ್ ಲಾಗ್‌ನಿಂದ. ಕೇಬಲ್ ಕಿತ್ಕೊಂಡ ಜಿಪಿಎಸ್ ಈಗ ಲೆಕ್ಕ ಹಾಕ್ತಿರೋದು ಯಾವುದ್ರಿಂದ? ಅದೇ ಗೈರೋ, ಅದೇ ಲಾಗ್! ಪರೀಕ್ಷೇಲಿ ಒಬ್ಬನ ಉತ್ತರಪತ್ರಿಕೆ ನೋಡ್ಕೊಂಡು ಇಬ್ಬರೂ ಬರೆದ್ರೆ ಉತ್ತರ ಒಂದೇ ಬರುತ್ತಲ್ಲ, ಹಂಗಾಯ್ತು, ವ್ಯತ್ಯಾಸ ಬರೋ ಪ್ರಶ್ನೇನೇ ಇಲ್ಲ. ಈ ಕಡೆ ಗಾಳಿ, ಅಲೆ ಸೇರಿ ಹಡಗನ್ನ ನಿಧಾನಕ್ಕೆ ಪಶ್ಚಿಮಕ್ಕೆ ತಳ್ತಾ ಇದ್ವು, ಅದು ಗೈರೋಗೂ ಗೊತ್ತಾಗಲ್ಲ ಲಾಗ್‌ಗೂ ಗೊತ್ತಾಗಲ್ಲ. ಮಾರನೇ ದಿನ ರಾತ್ರಿ 10:25ಕ್ಕೆ ನಾಂಟಕೆಟ್ ದ್ವೀಪದ ಹತ್ರದ ಮರಳದಿಬ್ಬಕ್ಕೆ ಹಡಗು ಹತ್ತಿ ಕೂತಾಗ ದಾರಿ ಬಿಟ್ಟು ಸುಮಾರು 17 ನಾಟಿಕಲ್ ಮೈಲಿ ಪಕ್ಕದಲ್ಲಿತ್ತು, ಅಂದ್ರೆ 31 ಕಿಲೋಮೀಟರ್. ಲೋರಾನ್ ಅಂತ ರೇಡಿಯೋದಿಂದ ಜಾಗ ಹೇಳೋ ಇನ್ನೊಂದು ಮಷೀನು ಅದೇ ಕೋಣೇಲಿ ಇತ್ತು, ಅದು ಸರಿಯಾಗೇ ತೋರಿಸ್ತಿತ್ತು, ಸಿಕ್ಕಿಹಾಕ್ಕೊಂಡ ಮೇಲೆ ನೋಡಿದ್ರು. ಆಳ ಕಮ್ಮಿಯಾದ್ರೆ ಕೂಗೋ ಸೋನಾರ್ ಅಲಾರಂ ಸೊನ್ನೆ ಮೀಟರ್‌ಗೆ ಸೆಟ್ ಆಗಿತ್ತಂತೆ, ತಳ ತಾಗಿದ ಮೇಲೆ ಕೂಗಿ ಏನ್ ಮಾಡ್ಬೇಕು ಹೇಳಿ! ಪುಣ್ಯಕ್ಕೆ ಯಾರಿಗೂ ಗಾಯ ಆಗ್ಲಿಲ್ಲ.

ಹಡಗಲ್ಲಿ ರಿಸೀವರ್ ಕೂರಿಸೋದು ಅಂದ್ರೆ ಸ್ವಿಚ್ ಹಾಕಿ ಬಿಡೋದಲ್ಲ. ಅದು ಹೇಳೋದು ಆಂಟೆನಾ ಇರೋ ಜಾಗವನ್ನ, ಹಡಗಿನ ಜಾಗವನ್ನಲ್ಲ. 300 ಮೀಟರ್ ಉದ್ದದ ಹಡಗಲ್ಲಿ ಆಂಟೆನಾ ಹಿಂದ್ಗಡೆ ಇದ್ರೆ ಮೂತಿ ಇನ್ನೂರು ಮೀಟರಿಗಿಂತ ಮುಂದೆ ಇರ್ಬೋದು, ಅದಕ್ಕೇ ಆಂಟೆನಾದಿಂದ ಮೂತಿಗೆಷ್ಟು, ಬಾಲಕ್ಕೆಷ್ಟು, ಎಡಬಲಕ್ಕೆಷ್ಟು ಅಂತ ನಾಲ್ಕು ಅಳತೆ, ಅಕ್ಕಪಕ್ಕದ ಹಡಗುಗಳಿಗೆ ಹಡಗಿನ ಜಾಗ ರೇಡಿಯೋದಲ್ಲಿ ತಿಳ್ಸೋ ಎಐಎಸ್‌ಗೆ ತುಂಬ್ಬೇಕು, ಇಲ್ಲಾಂದ್ರೆ ಪಕ್ಕದ ಹಡಗಿನವ್ರ ಪರದೇಲಿ ನಿಮ್ಮ ಹಡಗು ಇಲ್ಲದ ಕಡೆ ಕೂತಿರುತ್ತೆ. ಆಮೇಲೆ ಡೇಟಂ, ಅಂದ್ರೆ ಅಕ್ಷಾಂಶ ರೇಖಾಂಶವನ್ನ ಭೂಮಿ ಮೇಲೆ ಎಲ್ಲಿಂದ ಹೇಗೆ ಅಳೀಬೇಕು ಅನ್ನೋ ಆಧಾರ. ಜಿಪಿಎಸ್ ಲೆಕ್ಕ ಡಬ್ಲ್ಯುಜಿಎಸ್-84 ಅನ್ನೋ ಡೇಟಂನಲ್ಲಿ, ಹಳೇ ನಕ್ಷೆ ಬೇರೆ ಡೇಟಂನಲ್ಲಿದ್ರೆ ಅದೇ ಅಂಕಿಗೆ ನೂರಾರು ಮೀಟರ್ ಆಚೆಗಿನ ಜಾಗ ಸಿಗ್ಬೋದು. ಬಂದರಿನ ಕಿರಿದಾದ ಬಾಯಲ್ಲಿ ನುಗ್ಗೋವಾಗ ನೂರು ಮೀಟರ್ ಅಂದ್ರೆ ಬಹಳ ಆಯ್ತು.

ಮತ್ತೆ ರಿಸೀವರ್‌ನಿಂದ ಬೇರೆ ಮಷೀನಿಗೆ ಹೋಗೋ ಮಾಹಿತಿಯ ಸಾಲು. ಎನ್‌ಎಂಇಎ 0183 ಅನ್ನೋ ಸ್ಟ್ಯಾಂಡರ್ಡ್, ಸೆಕೆಂಡಿಗೆ 4800 ಬಿಟ್, ಈಗಿನ ಕಾಲಕ್ಕೆ ಎತ್ತಿನಗಾಡಿ ವೇಗ. ಅದ್ರಲ್ಲಿ ಅಂಕಿಗಳ ಮಧ್ಯೆ ಕಾಮಾ ಹಾಕಿ ಬರೋ ಜಿಜಿಎ ಅನ್ನೋ ಸಾಲಲ್ಲಿ ಅಕ್ಷಾಂಶ ರೇಖಾಂಶ ಆದ ತಕ್ಷಣ ಒಂದೇ ಒಂದು ಅಂಕಿ ಬರುತ್ತೆ: 1 ಅಂದ್ರೆ ಸ್ಯಾಟಲೈಟ್ ನೋಡಿ ಹೇಳ್ತಿದೀನಿ, 0 ಅಂದ್ರೆ ನಂಬ್ಬೇಡಿ, 6 ಅಂದ್ರೆ ಅಂದಾಜು. ಇದನ್ನ ಕಳ್ಸೋನು ಸರಿಯಾಗಿ ಕಳ್ಸಿದ್ರೂ ತಗೊಳ್ಳೋ ಮಷೀನು ಆ ಅಂಕಿ ಓದದೇ ಮುಂದಿನ ಕಾಮಾಗೆ ಹಾರಿದ್ರೆ ಮುಗೀತು.

ಸೆಟಪ್ ಸರಿ ಇದೆಯಾ ಅಂತ ನೋಡೋಕೆ ಹಡಗು ಬಂದರಲ್ಲಿ ಕಟ್ಟಿರುವಾಗಲೇ ಆಂಟೆನಾ ಕೇಬಲ್ ಬಿಚ್ಚಿ, ಬ್ರಿಡ್ಜಲ್ಲಿ (ಹಡಗು ನಡೆಸೋ ಕೋಣೇಲಿ) ನಿಂತ್ಕೊಂಡು, ಎಷ್ಟು ಪರದೆ ಬಾಯಿಬಿಟ್ಟು ಕೂಗ್ತವೆ, ಎಷ್ಟು ಏನೂ ಆಗೇ ಇಲ್ಲ ಅನ್ನೋ ಥರ ಅಂಕಿ ತೋರಿಸ್ತಾ ಕೂರ್ತವೆ ಅಂತ ಎಣಿಸೋದು.